ಎಮ್ಮೆಲ್ಲೆ ಸಿಸ್ಟರ್

ಸಾರಾ ಕ್ರಾಸ್ತಾ ಅವರನ್ನು ನಾನು ಮೊದಲು ನೋಡಿದ್ದು 2006ರ ಮಾರ್ಚ್ ತಿಂಗಳಲ್ಲಿ, ಮಸ್ಕತ್‌ನ ಬೌಷರ್ ಬಡಾವಣೆಯ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ. ಎದುರು ಮನೆಯ ಸ್ಟ್ಯಾನ್ಲಿ ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಲಿಫ್ಟಿನಿಂದ ಹೊರಗೆ ಬಂದರು. ಅವರ ಹಿಂದೆ ಗಿಡ್ಡ ಕೂದಲಿನ, ನಲವತ್ತು ದಾಟಿದ ಹೆಂಗಸೊಬ್ಬರು ಕೈಯಲ್ಲಿ ಮಡಚಿದ ಕೋಟು ಹಿಡಿದು ನಿಂತಿದ್ದರು.

"ನಮ್ಮ ಅಕ್ಕ. ಆಸ್ಟ್ರೇಲಿಯಾದಿಂದ ಬಂದದ್ದು. ಅಲ್ಲಿ ಎಮ್ಮೆಲ್ಲೆ ಆಗಿದ್ರು," ಎಂದರು ಸ್ಟ್ಯಾನ್ಲಿ.

"ಆಗಿದ್ದೆ. ಈಗ ಅಲ್ಲ," ಎಂದು ಆಕೆ ನನ್ನ ಕಡೆ ತಿರುಗಿ, "ನಿಮ್ಮಲ್ಲಿ ನೀರು ಬರ್ತದಾ? ಇವನ ಮನೆಯಲ್ಲಿ ಬೆಳಿಗ್ಗೆಯಿಂದ ಇಲ್ಲವಂತೆ," ಎಂದು ಕೇಳಿದರು.

ನಾನು ಎರಡು ಬಕೆಟ್ ನೀರು ಕೊಟ್ಟೆ. ಸಂಜೆ ನನ್ನ ಗಂಡ ಸೋಮನಾಥ ಕೆಲಸದಿಂದ ಬಂದಾಗ ವಿಷಯ ಹೇಳಿದೆ. ನಾವು ಧಾರವಾಡದವರು. ನಮ್ಮ ಕಡೆ ಒಮ್ಮೆ ಎಮ್ಮೆಲ್ಲೆ ಆದವರು ಸಾಯುವವರೆಗೂ ಎಮ್ಮೆಲ್ಲೆಯೇ. ಸೋಮನಾಥ ನಂಬಲಿಲ್ಲ.

"ಎಮ್ಮೆಲ್ಲೆ ಆದಾಕಿ ತಮ್ಮನ ಮನ್ಯಾಗ ಬಂದು ಯಾಕ ಇರ್ತಾಳ? ಪಂಚಾಯ್ತಿ ಗಿಂಚಾಯ್ತಿ ಮೆಂಬರ್ ಇದ್ದಿರಬೇಕು," ಎಂದರು.

ಎರಡು ವಾರಕ್ಕೆಂದು ಬಂದ ಸಾರಾ ಅಕ್ಕ ಉಳಿದುಬಿಟ್ಟರು. ರೂವಿಯ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ನರ್ಸ್ ಕೆಲಸ ಹಿಡಿದರು. ಅದೇ ನವೆಂಬರಿನಲ್ಲಿ ನಮ್ಮ ಕನ್ನಡದವರು ರಾಜ್ಯೋತ್ಸವಕ್ಕೆ ಅವರನ್ನು ಮುಖ್ಯ ಅತಿಥಿಯಾಗಿ ಕರೆದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಆಸ್ಟ್ರೇಲಿಯಾ ಸಂಸತ್ತನ್ನು ಬೆಳಗಿದ ಕನ್ನಡತಿ" ಎಂದು ಪರಿಚಯಿಸಿದರು. ಅವರು ಮೈಕಿನ ಮುಂದೆ ಬಂದು ಮೊದಲು ತಪ್ಪು ತಿದ್ದಿದರು. "ಸಂಸತ್ತು ಅಲ್ಲ, ಒಂದು ರಾಜ್ಯದ ಶಾಸನಸಭೆ. ಒಂದೇ ಅವಧಿ. ಆಮೇಲೆ ಸೋತೆ. ಸೋಲಬೇಕಾಗಿತ್ತು, ಹಾಗಾಗಿ ಸೋತೆ." ಸಭೆಯಲ್ಲಿ ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಮುಂದೆ ಯಾರೂ ಅವರನ್ನು ವೇದಿಕೆಗೆ ಕರೆಯಲಿಲ್ಲ.

ಸೋಲಬೇಕಾಗಿತ್ತು ಎಂದರೆ ಏನು ಎಂದು ಕೇಳಲು ನನಗೆ ಧೈರ್ಯ ಬಂದದ್ದು ಎಷ್ಟೋ ತಿಂಗಳ ಮೇಲೆ. ನಾನು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಟೀಚರ್. ಸಂಜೆ ಐದರ ಹೊತ್ತಿಗೆ ಊಟದ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ಕೂತಿರುತ್ತಿದ್ದೆ. ಅವರು ಡ್ಯೂಟಿ ಮುಗಿಸಿ ಬಂದು ಎದುರಿಗೆ ಕೂತು ಚಹಾ ಕುಡಿಯುತ್ತಿದ್ದರು. ಅವರ ಬದುಕು ನನಗೆ ತಿಳಿದದ್ದು ಹಾಗೆ, ತುಂಡು ತುಂಡಾಗಿ.

ತಂದೆ ಪಾಸ್ಕಲ್ ಕ್ರಾಸ್ತಾ ಉಡುಪಿ ಹತ್ತಿರದ ಕಲ್ಯಾಣಪುರದವರು. 1973ರಲ್ಲಿ ಮಸ್ಕತ್‌ಗೆ ಬಂದು ಒಂದು ಗುತ್ತಿಗೆ ಕಂಪನಿಯಲ್ಲಿ ಸ್ಟೋರ್‌ಕೀಪರ್ ಆದರು. ಮೂರು ವರ್ಷದ ಮೇಲೆ ಹೆಂಡತಿ, ಹನ್ನೆರಡು ವರ್ಷದ ಸಾರಾ ಮತ್ತು ಕೂಸು ಸ್ಟ್ಯಾನ್ಲಿಯನ್ನು ಕರೆಸಿಕೊಂಡರು. ರೂವಿಯಲ್ಲಿ ಎರಡು ಕೋಣೆಯ ಮನೆ. ಇಂಗ್ಲಿಷ್ ಚೆನ್ನಾಗಿ ಬರೆಯುತ್ತಿದ್ದ ಪಾಸ್ಕಲ್‌ರ ಹತ್ತಿರ ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಕೂಲಿಯವರು ಸಾಲಾಗಿ ಬರುತ್ತಿದ್ದರು. ಕೇರಳದವರು, ಆಂಧ್ರದವರು, ಪಾಕಿಸ್ತಾನದವರು. ಪಾಸ್‌ಪೋರ್ಟ್ ವಾಪಸ್ ಕೊಡುತ್ತಿಲ್ಲ, ರಜೆ ಕೊಡುತ್ತಿಲ್ಲ, ಕಣ್ಣಿಗೆ ಸಿಮೆಂಟ್ ಬಿದ್ದಿದೆ. ತಂದೆ ಕೇಳಿ ಹೇಳುತ್ತಿದ್ದರು, ಮಗಳು ಬರೆಯುತ್ತಿದ್ದಳು.

"ನಾನು ಅಕ್ಷರ ಚಂದ ಮಾಡ್ಲಿಕ್ಕೆ ಕಲಿತದ್ದು ಶಾಲೆಯಲ್ಲಿ ಅಲ್ಲ, ಆ ಅರ್ಜಿಗಳಲ್ಲಿ," ಎಂದಿದ್ದರು ಸಾರಾ ಅಕ್ಕ.

ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಮತ್ತೆ ಮಸ್ಕತ್‌ಗೆ ಬಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಇಲ್ಲೇ ಎಲೆಕ್ಟ್ರಿಷಿಯನ್ ಆಗಿದ್ದ ಮ್ಯಾಕ್ಸ್‌ವೆಲ್‌ನನ್ನು ಮದುವೆಯಾದರು. 1989ರಲ್ಲಿ ಗಂಡ ಹೆಂಡತಿ ಆಸ್ಟ್ರೇಲಿಯಾಕ್ಕೆ ಹೋದರು. ಮಕ್ಕಳಾಗಲಿಲ್ಲ.

ಅಲ್ಲಿ ನಗರದ ಹೊರವಲಯದಲ್ಲಿ ಒಂದು ವೃದ್ಧರ ಆರೈಕೆ ಮನೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ನಲವತ್ತು ಮುದುಕರಿಗೆ ಒಬ್ಬಳೇ ನರ್ಸ್. ಒಬ್ಬರನ್ನು ಶೌಚಕ್ಕೆ ಕರೆದೊಯ್ದಾಗ ಇನ್ನೊಬ್ಬರು ಹಾಸಿಗೆಯಿಂದ ಬೀಳುತ್ತಿದ್ದರು. ಅವರು ಆಡಳಿತಕ್ಕೆ ಬರೆದರು, ಉತ್ತರ ಬರಲಿಲ್ಲ. ಯೂನಿಯನ್ನಿಗೆ ಬರೆದರು. ಯೂನಿಯನ್ನಿನವರು ಬಂದು ನೋಡಿ, ಪತ್ರ ಬರೆದವಳನ್ನೇ ತಮ್ಮ ಪ್ರತಿನಿಧಿಯಾಗಿ ಮಾಡಿಕೊಂಡರು. ಹತ್ತು ವರ್ಷ ಆ ಕೆಲಸ ಮಾಡಿದ ಮೇಲೆ ಒಂದು ಪಕ್ಷದವರು ಬಂದು 2001ರ ರಾಜ್ಯ ಚುನಾವಣೆಗೆ ನಿಲ್ಲುತ್ತೀರಾ ಎಂದು ಕೇಳಿದರು. ಆ ಪಕ್ಷ ಆ ಕ್ಷೇತ್ರದಲ್ಲಿ ಎಂದೂ ಗೆದ್ದಿರಲಿಲ್ಲ. ಗೆಲ್ಲದ ಜಾಗಕ್ಕೆ ಯಾರಾದರೊಬ್ಬರ ಹೆಸರು ಬೇಕಿತ್ತು, ಅಷ್ಟೇ.

"ನನಗೂ ಗೊತ್ತಿತ್ತು. ಆದ್ರೂ ಮನೆ ಮನೆಗೆ ಹೋದೆ. ಬಾಗಿಲು ತಟ್ಟಿ, ನಾನು ನರ್ಸ್, ನಿಮಗೆ ಎಂತ ಕಷ್ಟ ಅಂತ ಕೇಳಿದೆ. ಎಲ್ಲರೂ ಹೇಳಿದ್ದು ಒಂದೇ. ನಮ್ಮ ಊರಿನ ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ತಾರಂತೆ, ಮುಚ್ಲಿಕ್ಕೆ ಬಿಡ್ಬೇಡಿ."

"ನೀವು ಏನ್ ಹೇಳಿದ್ರಿ?"

"ಬಿಡುವುದಿಲ್ಲ ಅಂತ ಹೇಳಿದೆ. ಕಾಗದದಲ್ಲಿ ಅಚ್ಚು ಹಾಕಿಸಿ ಹಂಚಿದೆ."

ಮತ ಎಣಿಕೆ ಹನ್ನೊಂದು ದಿನ ನಡೆಯಿತು. ಮುನ್ನೂರ ಹನ್ನೆರಡು ಮತಗಳಿಂದ ಸಾರಾ ಗೆದ್ದರು. ಅವರ ಪಕ್ಷದವರಿಗೇ ಆಶ್ಚರ್ಯ. ಶಾಸನಸಭೆಯ ಮೊದಲ ಭಾಷಣದಲ್ಲಿ ಮಸ್ಕತ್‌ನ ಹೆಸರು ಹೇಳಿದಾಗ, ಸಭೆ ಮುಗಿದ ಮೇಲೆ ಒಬ್ಬ ಹಿರಿಯ ಸದಸ್ಯ ಬಂದು ಕೈಕುಲುಕಿ ಅದು ಇಂಡಿಯಾದ ಯಾವ ಭಾಗದಲ್ಲಿದೆ ಎಂದು ಕೇಳಿದನಂತೆ.

ಕ್ಷೇತ್ರದ ಕಚೇರಿ ಒಂದು ಸಣ್ಣ ಅಂಗಡಿಸಾಲಿನಲ್ಲಿ, ಔಷಧಿ ಅಂಗಡಿಗೂ ಮೀನು ಕರಿದು ಮಾರುವವನಿಗೂ ನಡುವೆ ಇತ್ತು. ದಿನವಿಡೀ ಕರಿದ ಎಣ್ಣೆಯ ವಾಸನೆ. ಜನ ಬರುತ್ತಿದ್ದರು. ಪಕ್ಕದ ಮನೆಯ ನಾಯಿ ಬೊಗಳುತ್ತದೆ, ಬಸ್ಸು ನಿಲ್ಲಿಸುವುದಿಲ್ಲ, ಶಾಲೆಯಲ್ಲಿ ಮಗನಿಗೆ ಹೊಡೆಯುತ್ತಾರೆ. ಆ ಎರಡು ವರ್ಷ ತನ್ನ ಬದುಕಿನಲ್ಲೇ ಒಳ್ಳೆಯ ಕಾಲ ಎಂದು ಅವರು ಹೇಳುತ್ತಿದ್ದರು. ಹಾಗೆ ಬಂದವರಲ್ಲಿ ಝೊಹರಾ ಎಂಬ ಅಫ್ಘಾನಿ ಹೆಂಗಸೂ ಒಬ್ಬಳು. ಗಂಡನ ವೀಸಾ ಸಿಕ್ಕಿಹಾಕಿಕೊಂಡಿತ್ತು. ಮಸ್ಕತ್‌ನಲ್ಲಿ ಕಲಿತ ಹಿಂದಿ-ಉರ್ದುವಿನಲ್ಲಿ ಸಾರಾ ಅವಳ ಜೊತೆ ಮಾತಾಡಿ, ಒಂಬತ್ತು ತಿಂಗಳು ಕಾಗದ ಬರೆದು ಬರೆದು ಗಂಡನನ್ನು ಕರೆಸಿಕೊಟ್ಟರು. ಅಂದಿನಿಂದ ಅವಳ ಬಾಯಲ್ಲಿ ಸಾರಾ ಬಾಜಿ, ಅಂದರೆ ಅಕ್ಕ.

2003ರಲ್ಲಿ ಸರ್ಕಾರ, ಅಂದರೆ ಅವರದೇ ಪಕ್ಷದ ಸರ್ಕಾರ, ಆ ಹೆರಿಗೆ ವಾರ್ಡನ್ನು ಮುಚ್ಚುವ ತೀರ್ಮಾನ ಮಾಡಿತು. ವಿರೋಧ ಪಕ್ಷ ಮುಚ್ಚಬಾರದೆಂದು ಸಭೆಯಲ್ಲಿ ನಿರ್ಣಯ ತಂದಿತು. ಹಿಂದಿನ ದಿನ ಪಕ್ಷದ ಸಚೇತಕ ಸಾರಾ ಅವರನ್ನು ಕರೆದು ಕೂರಿಸಿಕೊಂಡ. ನೀನು ಆ ಕಡೆ ಹೋದರೂ ವಾರ್ಡ್ ಉಳಿಯುವುದಿಲ್ಲ, ನಮ್ಮ ಲೆಕ್ಕ ಸರಿಯಾಗಿದೆ. ನಮ್ಮ ಜೊತೆ ಇದ್ದರೆ ನಿನ್ನ ಕ್ಷೇತ್ರಕ್ಕೆ ಒಂದು ಸಂಚಾರಿ ಕ್ಲಿನಿಕ್ ಕೊಡಿಸುತ್ತೇವೆ.

ಅಲ್ಲಿ ಮತ ಹಾಕುವುದೆಂದರೆ ಗಂಟೆ ಹೊಡೆಯುತ್ತದೆ, ಬಾಗಿಲು ಹಾಕುತ್ತಾರೆ, ಹೌದು ಎನ್ನುವವರು ಸಭಾಧ್ಯಕ್ಷರ ಬಲಕ್ಕೆ, ಇಲ್ಲ ಎನ್ನುವವರು ಎಡಕ್ಕೆ ಹೋಗಿ ಕೂರಬೇಕು.

"ನಾನು ಎಡಕ್ಕೆ, ನಮ್ಮ ಪಕ್ಷದವರ ಜೊತೆ ಹೋಗಿ ಕೂತೆ. ಹತ್ತು ಹೆಜ್ಜೆ ಇರ್ಬಹುದು. ಕೂತ ಮೇಲೆ ಎದುರಿನವರು ಯಾರೂ ಬೈಯಲಿಲ್ಲ, ನಗ್ಲೂ ಇಲ್ಲ. ಒಬ್ಬ ನನ್ನ ಆ ಅಚ್ಚು ಹಾಕಿಸಿದ ಕಾಗದ ಎತ್ತಿ ತೋರಿಸಿದ, ಅಷ್ಟೇ."

ವಾರ್ಡ್ ಮುಚ್ಚಿತು. ಸಂಚಾರಿ ಕ್ಲಿನಿಕ್ ವಾರಕ್ಕೆ ಎರಡು ದಿನ ಬಂದು ನಿಲ್ಲತೊಡಗಿತು. ನಾಲ್ಕು ತಿಂಗಳಾದ ಮೇಲೆ ಎಂಟು ತಿಂಗಳ ಬಸುರಿಯಾಗಿದ್ದ ಝೊಹರಾಗೆ ಒಂದು ಭಾನುವಾರ ರಕ್ತಸ್ರಾವ ಶುರುವಾಯಿತು. ದೊಡ್ಡ ಆಸ್ಪತ್ರೆ ಐವತ್ತು ನಿಮಿಷದ ದಾರಿ. ಗಂಡ ಕಾರಿನಲ್ಲಿ ಕರೆದೊಯ್ಯುವಾಗ ಹೆದ್ದಾರಿಯಲ್ಲೇ ಹೆರಿಗೆಯಾಗಿ ಮಗು ಉಳಿಯಲಿಲ್ಲ.

ಮೂರು ವಾರದ ಮೇಲೆ ಝೊಹರಾ ಕಚೇರಿಗೆ ಬಂದಳು. ಎದುರಿನ ಕುರ್ಚಿಯಲ್ಲಿ ಕೂತಳು. ಅವಳಿಗೆ ಯಾವ ಅರ್ಜಿಯೂ ಬರೆಸುವುದಿರಲಿಲ್ಲ. ಅರ್ಧ ಗಂಟೆ ಕೂತು, "ಬಾಜಿ, ಆ ದಿನ ನೀವು ಯಾವ ಕಡೆ ಕೂತಿದ್ದಿರಿ?" ಎಂದು ಕೇಳಿದಳು. ಸಾರಾ ಹೇಳಿದರು. ಅವಳು ತಲೆಯಾಡಿಸಿ, ಸಲಾಂ ಹೇಳಿ ಎದ್ದು ಹೋದಳು.

ಇದನ್ನು ಹೇಳಿದ ದಿನ ಸಾರಾ ಅಕ್ಕ ಚಹಾ ಪೂರ್ತಿ ಕುಡಿಯಲಿಲ್ಲ. 2005ರ ಚುನಾವಣೆಯಲ್ಲಿ ಅವರು ನಾಲ್ಕು ಸಾವಿರ ಮತಗಳಿಂದ ಸೋತರು. ಅಷ್ಟು ಹೊತ್ತಿಗೆ ಮ್ಯಾಕ್ಸ್‌ವೆಲ್ ಬೇರೆ ಮನೆ ಮಾಡಿದ್ದ. ಜಗಳವೇನೂ ಅಲ್ಲ. ಸಾರಾ ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದರು, ಅವನು ಎಷ್ಟು ದಿನ ಕಾಯುತ್ತಾನೆ. ಕಚೇರಿಯ ಸಾಮಾನು ಖಾಲಿ ಮಾಡಿ, ಬೀಗದ ಕೈ ಹೊಸ ಸದಸ್ಯನಿಗೆ ಕೊಟ್ಟು, ಒಂದು ವರ್ಷ ಏನೂ ಮಾಡದೆ ಕಳೆದು, ಮಸ್ಕತ್‌ನ ತಮ್ಮನ ಮನೆಗೆ ಬಂದರು. ತಂದೆ ತಾಯಿ ಇಬ್ಬರೂ ಆಗಲೇ ತೀರಿಕೊಂಡಿದ್ದರು.

2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂದಾಗ ನಮ್ಮ ಕಟ್ಟಡಕ್ಕೆ ನಾಲ್ಕು ದಿನ ನೀರೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಸಾರಾ ಅಕ್ಕ ಪ್ರತಿ ಮನೆಗೆ ಹೋಗಿ ಯಾರಿಗೆ ಇನ್ಸುಲಿನ್ ಬೇಕು, ಯಾರ ಮನೆಯಲ್ಲಿ ಎಳೆ ಮಗು ಇದೆ ಎಂದು ಪಟ್ಟಿ ಮಾಡಿಕೊಂಡು, ಟ್ಯಾಂಕರ್ ಬಂದಾಗ ಯಾರು ಮೊದಲು ಎಂದು ನಿಂತು ಹೇಳಿದರು. ಯಾರೂ ಎದುರು ಮಾತಾಡಲಿಲ್ಲ. ಸೋಮನಾಥ ಆ ದಿನ ಮೊದಲ ಬಾರಿಗೆ, "ಹೌದು ಬಿಡು, ಎಮ್ಮೆಲ್ಲೆನ ಇದ್ದಿರಬೇಕು," ಎಂದರು.

ಆ ಗೌರವದಿಂದಲೇ ಮರುವರ್ಷ ಅವರು ಸಾರಾ ಅಕ್ಕನ ಹೆಸರನ್ನು ತಮ್ಮ ಕಂಪನಿಗೆ ಹೇಳಿದ್ದು. ಸೋಮನಾಥ ಸಿವಿಲ್ ಇಂಜಿನಿಯರ್. ಕಂಪನಿಗೆ ದುಕ್ಮ್ ಕಡೆ ರಸ್ತೆಯ ಗುತ್ತಿಗೆ ಸಿಕ್ಕಿ, ಅವರೂ ಅಲ್ಲೇ ಇದ್ದು ರಜೆಗೆ ಮಾತ್ರ ಮನೆಗೆ ಬರುತ್ತಿದ್ದರು. ಅಲ್ಲಿ ಆಗ ಮರಳು, ಸಮುದ್ರ, ಗಾಳಿ, ಕಂಪನಿಗಳ ಕ್ಯಾಂಪು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಮಸ್ಕತ್‌ನಿಂದ ಬಸ್ಸಿನಲ್ಲಿ ಇಡೀ ದಿನದ ದಾರಿ. ಕ್ಯಾಂಪಿನ ಚಿಕಿತ್ಸಾ ಕೊಠಡಿಗೆ ಅನುಭವವಿದ್ದ ನರ್ಸ್ ಬೇಕಿತ್ತು. ಅಷ್ಟು ದೂರ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಸಾರಾ ಅಕ್ಕ ಒಂದೇ ಮಾತಿಗೆ ಒಪ್ಪಿದರು.

"ಅಲ್ಲಿ ಯಾರಿಗೂ ನನ್ನ ಹತ್ರ ಭಾಷಣ ಬೇಡ," ಎಂದರು.

ಎಂಟು ನೂರು ಜನರ ಕ್ಯಾಂಪು. ಬಿ.ಪಿ., ಸಕ್ಕರೆ, ಚೇಳು ಕಡಿತ, ಬೆನ್ನು ನೋವು. ವಾರಕ್ಕೊಮ್ಮೆ ಡಾಕ್ಟರ್ ಬಂದು ಹೋಗುತ್ತಿದ್ದರು, ಉಳಿದ ದಿನ ಇವರೇ. ಸುದ್ದಿ ಹೇಗೋ ಹರಡಿ ಎಲ್ಲರೂ ಅವರನ್ನು ಎಮ್ಮೆಲ್ಲೆ ಸಿಸ್ಟರ್ ಎಂದು ಕರೆಯತೊಡಗಿದರು. ಮುರುಗೇಶ ಎಂಬ ಸರ್ವೇ ಟೆಕ್ನಿಷಿಯನ್ ಅಲ್ಲಿದ್ದ. ಗದಗ ಜಿಲ್ಲೆಯ ಗಜೇಂದ್ರಗಡದವನು, ಇಪ್ಪತ್ತೇಳು ವರ್ಷ, ಡಿಪ್ಲೊಮಾ ಓದಿದವನು. ಸೋಮನಾಥರ ಕೈಕೆಳಗೇ ಕೆಲಸ. ಕನ್ನಡ ಮಾತಾಡುವ ಆಸೆಗೆ ಇಲ್ಲದ ತಲೆನೋವು ಹೇಳಿಕೊಂಡು ಕೊಠಡಿಗೆ ಬರುತ್ತಿದ್ದನಂತೆ. ಅವನ ಮಾತನ್ನು ಸಾರಾ ಅಕ್ಕ ನನಗೆ ನಗುತ್ತಾ ಅನುಕರಿಸಿ ತೋರಿಸಿದ್ದರು.

"ಅಕ್ಕಾರ, ನೀವು ಅಲ್ಲಿ ಎಮ್ಮೆಲ್ಲೆ ಇದ್ರಂತ, ಖರೆ ಏನ್ರಿ?"

"ಹೌದು ಮಾರಾಯ."

"ಮತ್ತ ಇಲ್ಲಿ ನಮ್ಮ ಬಿ.ಪಿ. ನೋಡಾಕ ಯಾಕ ಬಂದ್ರಿ? ನಮ್ಮ ಕಡೆ ಒಮ್ಮೆ ಆರಿಸಿ ಬಂದ್ರ ಮೂರು ತಲಿ ಕುಂತು ಉಣ್ಣತಾವ."

"ನಮ್ಮಲ್ಲಿ ಸೋತವರು ಕೆಲಸ ಹುಡುಕ್ಬೇಕು."

"ಭಾಳ ಕೆಟ್ಟ ಊರ್ರಿ ಅದು," ಎಂದನಂತೆ ಮುರುಗೇಶ.

2009ರ ಜೂನ್ ಮಧ್ಯದಲ್ಲಿ ಅದು ನಡೆಯಿತು. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ಸರ್ಕಾರಿ ನಿಯಮ ಆಗಲೇ ಇತ್ತು. ರಸ್ತೆಯ ಕೆಲಸ ಹಿಂದೆ ಬಿದ್ದಿದ್ದರಿಂದ ಮುರುಗೇಶನನ್ನು ಕ್ಯಾಂಪಿನಿಂದ ಅರವತ್ತು ಕಿಲೋಮೀಟರ್ ಒಳಗೆ, ಹೈಮಾ ಕಡೆಯ ಬಯಲಿಗೆ ಅಳತೆಗೆ ಕಳಿಸಿದ್ದರು. ಅಲ್ಲಿ ಸಮುದ್ರದ ಗಾಳಿ ಮುಟ್ಟುವುದಿಲ್ಲ. ಹನ್ನೊಂದು ಗಂಟೆಗೆ ಇನ್ನೊಂದು ಕಡೆ ಲಾರಿ ಮರಳಿನಲ್ಲಿ ಹೂತಿದೆ ಎಂದು ಫೋನ್ ಬಂತು. ಪಿಕಪ್‌ನವನು ಒಂದು ತಾಸಿನಲ್ಲಿ ಬರುತ್ತೇನೆ ಎಂದು ಮುರುಗೇಶನನ್ನು ಅವನ ಉಪಕರಣದ ಜೊತೆ, ಒಂದು ಕ್ಯಾನ್ ನೀರಿನ ಜೊತೆ ಅಲ್ಲೇ ಬಿಟ್ಟು ಹೋದ. ಅವನು ಮರಳಿದ್ದು ಮೂರೂ ಮುಕ್ಕಾಲಿಗೆ. ಅಲ್ಲಿ ಮರವಿಲ್ಲ, ಗುಡ್ಡವಿಲ್ಲ. ಮುರುಗೇಶ ಉಪಕರಣದ ಖಾಲಿ ಪೆಟ್ಟಿಗೆಯನ್ನು ತಲೆಗೆ ಅಡ್ಡ ಇಟ್ಟುಕೊಂಡು ಮಲಗಿದ್ದ.

ಚಿಕಿತ್ಸಾ ಕೊಠಡಿಗೆ ತಂದಾಗ ಮೈ ಒಣಗಿ ಕೆಂಡದ ಹಾಗಿತ್ತು. ಸಾರಾ ಅಕ್ಕ ಜ್ವರ ನೋಡಿದರು. ನಲವತ್ತೆರಡು ಡಿಗ್ರಿ ದಾಟಿತ್ತು. ಮೆಸ್ಸಿನಿಂದ ಐಸ್ ತರಿಸಿ ಕಂಕುಳಿಗೆ, ತೊಡೆಗೆ ಇಟ್ಟರು, ಒದ್ದೆ ಬಟ್ಟೆ ಸುತ್ತಿದರು, ಡ್ರಿಪ್ ಹಾಕಿದರು. ಆಂಬುಲೆನ್ಸ್ ಹೊರಡುವಷ್ಟರಲ್ಲಿ ಉಸಿರು ನಿಂತಿತು. ಅವರು ಚೀಟಿಯಲ್ಲಿ ಬರೆದರು: ಬಿಸಿಲಿನ ಆಘಾತ. ತಂದ ಸಮಯ, ಜ್ವರ, ಎಷ್ಟು ಹೊತ್ತಿನಿಂದ ಬಯಲಿನಲ್ಲಿದ್ದ ಎಂದು ಡ್ರೈವರ್ ಹೇಳಿದ ಮಾತು, ಎಲ್ಲವನ್ನೂ ಬರೆದು ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಆಡಳಿತದ ಮ್ಯಾನೇಜರ್ ಹೊಸ ಚೀಟಿ ಹಿಡಿದು ಬಂದ. ಅದರಲ್ಲಿ ಜ್ವರ ಮೂವತ್ತೆಂಟು. ಕ್ಯಾಂಪಿನ ಕೋಣೆಯಲ್ಲಿ ವಿಶ್ರಾಂತಿಯಲ್ಲಿದ್ದಾಗ ಎದೆನೋವು ಎಂದಿತ್ತು.

"ಸಿಸ್ಟರ್, ಅವನು ಹೇಗೂ ಹೋದ. ಕಂಪನಿ ನಿಂತರೆ ಎಂಟು ನೂರು ಜನ ಮನೆಗೆ ಹೋಗುತ್ತಾರೆ. ಒಂದು ಸಹಿ ಸಾಕು," ಎಂದ.

"ನನಗೆ ಈ ಮಾತು ಮೊದಲೇ ಒಬ್ಬ ಹೇಳಿದ್ದಾನೆ. ಆಗ ಕೇಳಿದ್ದೆ. ಈಗ ಕೇಳುವುದಿಲ್ಲ," ಎಂದರು ಸಾರಾ ಅಕ್ಕ. ಮೂಲ ಚೀಟಿಯ ನಕಲನ್ನು ಅವರು ಆಗಲೇ ತೆಗೆದಿಟ್ಟುಕೊಂಡಿದ್ದರು. ಎರಡು ದಿನದಲ್ಲಿ ಅವರ ಕೆಲಸ ಹೋಯಿತು. ಕಂಪನಿ ಬಸ್ಸಿನಲ್ಲಿ ಬೌಷರ್‌ಗೆ ಬಂದಿಳಿದರು.

ಆ ಗುರುವಾರ ಸೋಮನಾಥ ವಾರದ ರಜೆಗೆ ಮನೆಗೆ ಬಂದರು. ಊಟಕ್ಕೆ ಕೂತು ಜೋಳದ ರೊಟ್ಟಿ ಮುರಿದು ಹಾಗೆಯೇ ಇಟ್ಟರು.

"ಚೀಟಿಗೆ ಆಕಿ ಸಹಿ ಹಾಕಲಿಲ್ಲ. ಬದಲಿ ಬಂದ ನರ್ಸ್ ಹಾಕ್ದ," ಎಂದರು.

"ನೀವು?"

"ಚೀಟಿಗೆ ನನ್ನ ಸಹಿ ಬೇಕಾಗಿಲ್ಲ. ಬರೇ ಹಾಜರಿ ಹಾಳಿ. ಹನ್ನೆರಡರಿಂದ ಅವ ಕ್ಯಾಂಪಿನಾಗ ಇದ್ದ ಅಂತ."

"ಇದ್ದನೇನು?"

ಅವರು ತಟ್ಟೆ ಸರಿಸಿದರು. "ಹಾಕಲಿಲ್ಲಂದ್ರ ವೀಸಾ ಕೊಟ್ಟ ಕಫೀಲ್ ನಾಳೆನ ಖಲಾಸ್ ಅಂತಾನ. ಹುಡುಗಿ ಮುಂದಿನ ವರ್ಷ ಹತ್ತನೇತ್ತ. ಎಲ್ಲಿಗೆ ಹೋಗೋಣು?" ಎಂದರು. ನಮ್ಮ ಮಗಳು ಒಳಗಿನ ಕೋಣೆಯಲ್ಲಿ ಓದುತ್ತಿದ್ದಳು. ನಾನು ರೊಟ್ಟಿ ಎತ್ತಿ ಮುಚ್ಚಿಟ್ಟೆ. ಅದಕ್ಕಿಂತ ಹೆಚ್ಚೇನೂ ನಾನು ಮಾಡಲಿಲ್ಲ. ಅದನ್ನು ಇಲ್ಲಿ ಹೇಳದಿದ್ದರೆ ಸಾರಾ ಅಕ್ಕನ ಕಥೆ ಹೇಳುವ ಹಕ್ಕು ನನಗಿಲ್ಲ.

ಮುಂದಿನ ವಾರ ಸಾರಾ ಅಕ್ಕ ನಮ್ಮ ಬಾಗಿಲು ತಟ್ಟಿದರು. "ಉಜ್ವಲಾ, ಸ್ವಲ್ಪ ಬರ್ತೀಯಾ? ಮುರುಗೇಶನ ಅಕ್ಕನಿಗೆ ಫೋನ್ ಮಾಡ್ಬೇಕು. ನಿಮ್ಮ ಕಡೆ ಮಾತು ನನಗೆ ಪೂರ್ತಿ ತಿಳಿಯದಿದ್ರೆ ನೀನು ಹೇಳು."

ನನ್ನ ಗಂಡ ಮಾಡಿದ್ದು ಅವರಿಗೆ ಗೊತ್ತೋ ಇಲ್ಲವೋ ಎಂದು ಅವರ ಮುಖ ನೋಡಿದೆ. ಗೊತ್ತಿತ್ತು. ಆದರೂ ಕರೆದರು.

ತಾಯಿಯಿಲ್ಲದ ಮುರುಗೇಶನನ್ನು ಬೆಳೆಸಿದವಳು ಅಕ್ಕ ಶಿವವ್ವ. ಹೆಣ ಊರಿಗೆ ತಲುಪಿ ಮೂರು ದಿನವಾಗಿತ್ತು. ಸ್ಟ್ಯಾನ್ಲಿಯ ಮನೆಯ ಫೋನಿನ ಸ್ಪೀಕರ್ ಹಾಕಿಕೊಂಡು ಕೂತೆವು.

"ಕಂಪನಿಯವ್ರು ಎದಿ ನೋವು ಅಂತ ಬರ್ದು ಕಳಿಸ್ಯಾರ. ಅವ್ಗ ಎದಿ ನೋವು ಯಾವಾಗ ಇತ್ರಿ?" ಎಂದಳು ಶಿವವ್ವ. ಅಳು ಮುಗಿದುಹೋದ ದನಿ.

"ಎದೆನೋವು ಅಲ್ಲಮ್ಮಾ. ಬಿಸಿಲು. ಮಧ್ಯಾಹ್ನ ಅವನನ್ನು ಬಯಲಲ್ಲಿ ಬಿಟ್ಟು ಗಾಡಿ ಹೋಗಿತ್ತು. ಐದು ತಾಸಿನ ಹತ್ರ ಆಯ್ತು. ನನ್ನ ಹತ್ರ ತರುವಾಗ ತಡ ಆಗಿತ್ತು."



"ಏನರ ಮಾತಾಡಿದ್ನೇನ್ರಿ?"

ನಾನಾಗಿದ್ದರೆ ನಿಮ್ಮ ಹೆಸರು ಹೇಳಿದ ಎಂದು ಸುಳ್ಳು ಹೇಳುತ್ತಿದ್ದೆ. ಸಾರಾ ಅಕ್ಕ ಹೇಳಲಿಲ್ಲ. "ಇಲ್ಲಮ್ಮಾ. ಎಚ್ಚರ ಇರಲಿಲ್ಲ. ನಾನು ಕೈ ಹಿಡ್ಕೊಂಡಿದ್ದೆ. ಅಷ್ಟೇ ನನಗೆ ಗೊತ್ತು."

"ಕೂಸಿದ್ದಾಗ ಹೊಲಕ್ಕ ಒಯ್ದ್ರ ನನ್ನ ಸೆರಗ ತಲಿಮ್ಯಾಲ ಹಾಕ್ತಿದ್ನಿ. ಬಿಸಲ ತಡಿತಿರಲಿಲ್ಲ ಅವ್ಗ," ಎಂದಳು ಶಿವವ್ವ. ಆಮೇಲೆ, "ಅವತ್ತ ಅವನ್ನ ಅಲ್ಲಿಗಿ ಕಳಿಸಿದ ಇಂಜಿನೇರ್ ಯಾರ್ರಿ?" ಎಂದು ಕೇಳಿದಳು.

ಸಾರಾ ಅಕ್ಕ ನನ್ನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡುತ್ತಾ, "ಹೆಸರು ಕಾಗದದಲ್ಲಿ ಉಂಟು. ಎಲ್ಲ ಕಾಗದದ ನಕಲು ನಿಮಗೆ ಕಳಿಸ್ತೇನೆ. ಓದಲಿಕ್ಕೆ ಬರುವವರ ಹತ್ರ ಓದಿಸಿ," ಎಂದರು.

"ಓದಿಸಿ ಯಾರ ಹತ್ರ ಹೋಗ್ಲಿ ಯವ್ವಾ?"

ಫೋನ್ ಇಟ್ಟ ಮೇಲೆ ನಾನು ಏನೋ ಹೇಳಲು ಹೊರಟೆ. ಸಾರಾ ಅಕ್ಕ ಕೈ ಅಡ್ಡ ಮಾಡಿದರು. "ಬೇಡ. ಸೋಮನಾಥನಿಗೆ ನಾನು ಎಂತ ಹೇಳುವುದು? ಅವನು ಹೋಗಿ ಕೂತ ಕುರ್ಚಿಯಲ್ಲಿ ನಾನು ಅವನಿಗಿಂತ ಮೊದಲೇ ಕೂತು ಬಂದವಳು."

ಮೂಲ ಚೀಟಿಯ ನಕಲುಗಳನ್ನು ಅವರು ಬೇಕಾದ ಕಚೇರಿಗಳಿಗೆಲ್ಲ ಕೊಟ್ಟರು. ತಂದೆಯ ಎದುರು ಕೂತು ಬರೆಯುತ್ತಿದ್ದ ಹಾಗೆ ಕೈಯಲ್ಲೇ ಅರ್ಜಿ ಬರೆದರು. ಕೆಲವು ಕಡೆ ತೆಗೆದುಕೊಂಡು ಸ್ವೀಕೃತಿಯ ಸಂಖ್ಯೆ ಕೊಟ್ಟರು, ಒಂದೆರಡು ಕಡೆ ಒಳ್ಳೆಯ ಮಾತಾಡಿ ಕೂರಿಸಿ ಕೇಳಿದರು. ಆದರೆ ಕಾಗದದಲ್ಲಿ ಎರಡನೇ ಚೀಟಿಗೆ ನರ್ಸ್‌ನ ಸಹಿ, ಹಾಜರಿಗೆ ಇಂಜಿನಿಯರ್ ಸಹಿ, ಜೊತೆಗೆ ಪಿಕಪ್‌ನವನ ಬದಲಾದ ಹೇಳಿಕೆ ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಎದುರಿಗೆ ಕೆಲಸದಿಂದ ತೆಗೆದು ಹಾಕಿದ ಒಬ್ಬ ಹೆಂಗಸಿನ ಮಾತು. ಆಗಸ್ಟ್ ಹೊತ್ತಿಗೆ ಕಡತ ಮುಚ್ಚಿತು. ಅವರ ವೀಸಾ ಅವಧಿಯೂ ಮುಗಿಯಿತು.

ವಿಮಾನ ನಿಲ್ದಾಣಕ್ಕೆ ನಾನೂ ಸ್ಟ್ಯಾನ್ಲಿಯೂ ಹೋಗಿದ್ದೆವು. "ಅಲ್ಲಿ ಎಂತ ಮಾಡ್ತಿ ಅಕ್ಕ?" ಎಂದು ಸ್ಟ್ಯಾನ್ಲಿ ಕೇಳಿದರು.

"ಹಳೆ ಆರೈಕೆ ಮನೆಯಲ್ಲಿ ಜನ ಬೇಕಂತೆ. ಬರ್ಲಿಕ್ಕೆ ಹೇಳಿದ್ದಾರೆ."

"ನಿನ್ನ ಕ್ಷೇತ್ರದಲ್ಲೇ?"

"ನನ್ನ ಕ್ಷೇತ್ರ ಅಂತ ಯಾವುದುಂಟು," ಎಂದು ಪಾಸ್‌ಪೋರ್ಟ್ ತೆಗೆದರು.

ಕಂಪನಿಯ ರಸ್ತೆ ಹೇಳಿದ ದಿನಕ್ಕೆ ಮುಗಿಯಿತು. ಸೋಮನಾಥರಿಗೆ ಮಸ್ಕತ್‌ನ ಆಫೀಸಿಗೆ ಬಡ್ತಿ ಬಂತು. ನಾವು ಬೌಷರ್ ಬಿಟ್ಟು ಅಲ್ ಮಬೇಲಾದಲ್ಲಿ ದೊಡ್ಡ ಮನೆ ಹಿಡಿದೆವು. ಅಲ್ಲಿ ಸುತ್ತ ಗ್ಯಾರೇಜುಗಳು, ವೆಲ್ಡಿಂಗ್ ಸದ್ದು. ಸೋಮನಾಥ ಮೊದಲಿಗಿಂತ ಕಡಿಮೆ ಮಾತಾಡುತ್ತಾರೆ. ಬಿಸಿಲಿನ ದಿನ ರಸ್ತೆ ಬದಿಯಲ್ಲಿ ಯಾರಾದರೂ ಅಳತೆ ಮಾಡುತ್ತಿದ್ದರೆ ಕಾರು ನಿಲ್ಲಿಸಿ ನೀರಿನ ಬಾಟಲಿ ಕೊಡುತ್ತಾರೆ. ನಾನು ಅದನ್ನು ನೋಡಿದರೂ ನೋಡದ ಹಾಗೆ ಇರುತ್ತೇನೆ.

ಅದೇ ವರ್ಷ ಡಿಸೆಂಬರಿನಲ್ಲಿ ಒಮ್ಮೆ ಸಾರಾ ಅಕ್ಕನೇ ಫೋನ್ ಮಾಡಿದರು. ಕ್ರಿಸ್‌ಮಸ್‌ಗೆ ಎರಡು ದಿನ ಇತ್ತು. ಈಗಲೂ ನಲವತ್ತು ಮುದುಕರಿಗೆ ಒಬ್ಬಳೇ ನರ್ಸ್ ಎಂದರು. ಒಬ್ಬ ಮುದುಕ ತನ್ನನ್ನು ಗುರುತು ಹಿಡಿದು, ನೀನು ನಮಗೆ ಮಾತು ಕೊಟ್ಟಿದ್ದೆ ಅಲ್ಲವೇ ಎಂದು ಪ್ರತಿದಿನ ಕೇಳುತ್ತಾನೆ, ಪ್ರತಿದಿನ ಹೌದು ಎನ್ನುತ್ತೇನೆ, ಅವನಿಗೆ ಮರುದಿನ ನೆನಪಿರುವುದಿಲ್ಲ ಎಂದರು. ಝೊಹರಾಳ ಮನೆ ಹತ್ತಿರ ಹೋಗಿದ್ದರಂತೆ. ಅವರು ಬೇರೆ ಊರಿಗೆ ಹೋಗಿ ವರ್ಷಗಳಾಗಿದ್ದವು. ಶಿವವ್ವನಿಗೆ ಕಳಿಸಿದ ಕಾಗದ ತಲುಪಿದೆ, ಅವಳು ಅದನ್ನು ಮುರುಗೇಶನ ಫೋಟೊ ಹಿಂದೆ ಇಟ್ಟಿದ್ದಾಳಂತೆ.

ಆರು ತಿಂಗಳಿನಿಂದ ಹೇಳದೆ ಉಳಿದಿದ್ದ ಮಾತನ್ನು ಹೇಳಿಬಿಡಬೇಕೆಂದು, "ಅಕ್ಕಾ, ನಮ್ಮಿಂದ ನಿಮಗ..." ಎಂದು ಶುರು ಮಾಡಿದೆ.

"ಊಟದ ಬೆಲ್ ಆಯ್ತು ಉಜ್ವಲಾ. ಹನ್ನೊಂದು ಜನರಿಗೆ ನಾನೇ ತಿನ್ನಿಸ್ಬೇಕು. ಇಡ್ತೇನೆ," ಎಂದರು.

ಆಮೇಲೆ ಎರಡು ಸಲ ನಾನೇ ಫೋನ್ ಮಾಡಿದೆ. ತೆಗೆಯಲಿಲ್ಲ. ಯಾರಿಗೆ ಫೋನ್ ಎಂದು ಸೋಮನಾಥ ಕೇಳಿದರು. ಹೇಳಿದೆ. ಅವರು ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋದರು.